ಅರ್ಧ ಹೊರಗುಳಿಯುವ ಚಕ್ರ

ಡಕೋಟಾ ವಿಮಾನ ಮೇಲೇರಿದ ಮೇಲೂ ಅದರ ಚಕ್ರಗಳು ಪೂರ್ತಿ ಒಳಗೆ ಹೋಗುವುದಿಲ್ಲ. ಎರಡು ಎಂಜಿನ್‌ಗಳ ಹಿಂದೆ ಒಂದೊಂದು ಗೂಡು. ಕಾಲು ಮುಂದಕ್ಕೆ ಮಡಿಚಿಕೊಂಡು ಆ ಗೂಡು ಸೇರುತ್ತದೆ, ಚಕ್ರದ ಕೆಳಭಾಗ ಮಾತ್ರ ಹೊರಗೇ ಇಣುಕುತ್ತಿರುತ್ತದೆ. ನನ್ನಂಥ ಗೃಹಿಣಿಗೆ ಇದೆಲ್ಲ ಗೊತ್ತಾದದ್ದು ಮಾವನಿಂದ. ಅವರು ವಾಯುಪಡೆಯಲ್ಲಿ ಆ ವಿಮಾನಗಳ ಕಾಲು, ಚಕ್ರ, ಬ್ರೇಕು ನೋಡಿಕೊಳ್ಳುತ್ತಿದ್ದ ಫಿಟ್ಟರ್. ಊಟಕ್ಕೆ ಕೂತಾಗಲೂ ಅಂಗೈ ಮಡಿಚಿ ತೋರಿಸುತ್ತಿದ್ದರು.

"ಚಕ್ರ ಇಳೀದೆ ಹೋದ್ರೂ ಭಯ ಇಲ್ಲ ಅಮ್ಮಣಿ. ಹೊಟ್ಟೆ ಮೇಲೆ ಇಳಿಸಿದ್ರೂ ಹೊರಗಿರೋ ಅಷ್ಟು ಚಕ್ರ ಉರುಳಿ ತಡ್ಕೊಳ್ತದೆ. ಇವತ್ತಿನ ವಿಮಾನಕ್ಕೆ ಆ ಅನುಕೂಲ ಎಲ್ಲಿ ಬಂತು!"

ಎರಡು ವರ್ಷದ ಹಿಂದೆ ನವರಾತ್ರಿಗೆ ಒಂದು ತಿಂಗಳಿರುವಾಗ ಕಣ್ಣಿನ ಡಾಕ್ಟರು ನಮ್ಮನ್ನು ಕೂರಿಸಿಕೊಂಡು ಮೆಲ್ಲಗೆ ಹೇಳಿದರು. ಮಾವನ ಬಲಗಣ್ಣು ಹೋಗಿದೆ, ಎಡಗಣ್ಣಿನ ನೋಟವೂ ಸುತ್ತಲಿಂದ ಮುಚ್ಚಿಕೊಳ್ಳುತ್ತ ಬರುತ್ತಿದೆ, ಇನ್ನು ಹೆಚ್ಚು ದಿನ ನಿಲ್ಲುವುದಿಲ್ಲ. ಮನೆಯ ಮೆಟ್ಟಿಲು ಹತ್ತುವಾಗ ಮಾವ ಅಂದರು: "ಕಣ್ಣಿರೋವಾಗಲೇ ಆ ಕಾಲು ಮಡಿಚೋದನ್ನ ಇನ್ನೊಂದು ಸಲ ನೋಡ್ಬೇಕು ಅಂತ ಆಸೆ. ಎಲ್ಲಿ ನೋಡ್ಲಿ, ಹೇಳು."

ನಮ್ಮ ಕಡೆ ನವರಾತ್ರಿಗೆ ಕೊಲು, ಅಂದರೆ ಬೊಂಬೆಗಳ ಸಾಲು, ಇಡುವ ಮನೆಯಲ್ಲಿ ಪ್ರತಿವರ್ಷ ಹೊಸದೊಂದು ಬೊಂಬೆ ಸೇರಲೇಬೇಕು. ಆ ಸಲದ ಹೊಸದು ಡಕೋಟಾ ಎಂದು ನಾನು ಅಂದೇ ತೀರ್ಮಾನಿಸಿದೆ. ನನ್ನ ಯಜಮಾನರು ಫೋನಿನಲ್ಲಿ ಹುಡುಕಿ ಎರಡು ಆಟದ ವಿಮಾನ ತೋರಿಸಿದರು. ಒಂದರ ಕಾಲು ಮಡಿಚುವುದೇ ಇಲ್ಲ, ಇನ್ನೊಂದರ ಚಕ್ರ ಪೂರ್ತಿ ಮಾಯವಾಗುತ್ತದೆ. ಅದನ್ನು ಮಾವನ ಕೈಗೆ ಕೊಡುವ ಧೈರ್ಯ ನನಗಿರಲಿಲ್ಲ. ನಾನೇ ಮಾಡುತ್ತೇನೆ ಎಂದೆ. ಯಜಮಾನರು ನಗಲಿಲ್ಲ, ಆದರೆ ನಗು ತಡೆದುಕೊಂಡದ್ದು ಕಿವಿಯ ಬಳಿ ಕಾಣುತ್ತಿತ್ತು.

ಆರ್.ಎಸ್. ಪುರಂ ಬಡಾವಣೆಯ ಸ್ಟೇಷನರಿ ಅಂಗಡಿಯಿಂದ ಫೋಮ್ ಬೋರ್ಡ್ ತಂದೆ. ಮಾವನ ಹಳೆಯ ನೋಟ್‌ಬುಕ್ಕಿನ ಚಿತ್ರ ನೋಡಿ, ನನ್ನ ಹೊಲಿಗೆ ಟೇಪಿನಲ್ಲೇ ಅಳೆದು, ನಾಲ್ಕಡಿ ಅಗಲದ ರೆಕ್ಕೆ, ಮೈ, ಎರಡು ಗೂಡು ಕತ್ತರಿಸಿ ಅಂಟಿಸಿದೆ. ಕಾಲು ಮತ್ತು ಚಕ್ರ ಬೋರ್ಡಿನಲ್ಲಿ ಆಗುವ ಕೆಲಸವಲ್ಲ. ಅದಕ್ಕೆ ಸಿಂಗಾನಲ್ಲೂರಿನ ನನ್ನ ಚಿಕ್ಕಪ್ಪನಿಗೆ ಹೇಳಿದೆ. ಅವರು ಫೌಂಡ್ರಿಯಲ್ಲಿ ಪ್ಯಾಟರ್ನ್ ಮಾಡಿ ನಿವೃತ್ತರಾದವರು. ಪಂಪಿನ ಮೈಯನ್ನು ಮೊದಲು ಮರದಲ್ಲಿ ಕಡೆದು, ಅದನ್ನು ಮರಳಿನಲ್ಲಿ ಒತ್ತಿ, ಆ ಅಚ್ಚಿಗೆ ಕರಗಿದ ಕಬ್ಬಿಣ ಹುಯ್ಯುತ್ತಾರಲ್ಲ, ಆ ಮರದ ಕೆಲಸ ಅವರದು.

ಆಯುಧಪೂಜೆಯ ಹಿಂದಿನ ದಿನ ಬೆಳಿಗ್ಗೆ ಚಿಕ್ಕಪ್ಪ ಬಂದರು. ತೇಗದ ಎರಡು ಕಾಲು, ಒಂದೊಂದಕ್ಕೂ ಎರಡು ಕಂಬ, ನಡುವೆ ಚಕ್ರ. ವಾರ್ನಿಷ್ ಮಿರುಗುತ್ತಿತ್ತು. ಗೂಡಿಗೆ ಜೋಡಿಸಿ ಮಡಿಚಿದೆವು. ಅರ್ಧದಲ್ಲೇ ಕಚ್ಚಿಕೊಂಡು ನಿಂತಿತು. ಇನ್ನೊಂದೂ ಹಾಗೆಯೇ.

"ನಿನ್ನ ಗೂಡು ಚಿಕ್ಕದು ಕಣಮ್ಮ, ಕೊಂಚ ಕೆತ್ತು" ಎಂದರು ಚಿಕ್ಕಪ್ಪ. ಆಮೇಲೆ ಮಾವನ ಕಡೆ ತಿರುಗಿ, "ಅದೇನು ಬೀಗ್ರೇ ನಿಮ್ಮ ವಿಮಾನ, ಬಾಗ್ಲು ಸರಿಯಾಗಿ ಮುಚ್ಚದ ಬೀರು ಥರ! ಚಕ್ರಾನ ಪೂರ್ತಿ ಒಳಗಿಡೋಕೆ ಬರ್ಲಿಲ್ವಾ ಆ ವೆಳ್ಳೈಕಾರ ಬಿಳಿಯನಿಗೆ?" ಎಂದರು.

"ಮೊದ್ಲು ಅರ್ಧ ಒಳಗೆ ಹೋಗ್ಲಿ ಬೀಗ್ರೇ, ಮಿಕ್ಕಿದ್ದು ಆಮೇಲೆ" ಎಂದರು ಮಾವ.

ಗೂಡು ಕೆತ್ತಿದರೆ ಗೋಡೆ ತೆಳ್ಳಗಾಗಿ ಒಡೆಯುತ್ತದೆಂದು ನನಗೆ ಗೊತ್ತಿತ್ತು. ಕಾಲನ್ನು ಬಿಚ್ಚಿ ಟೇಪು ಹಿಡಿದೆ. ನಾಲ್ಕಿಂಚು ಇರಬೇಕಾದದ್ದು ಎರಡು ಹೊಲಿಗೆ ದಾರದ ದಪ್ಪದಷ್ಟು ಹೆಚ್ಚಿತ್ತು. ಇನ್ನೊಂದು ಕಾಲೂ ಅಷ್ಟೇ ಹೆಚ್ಚು. ಕಾನ್ವೆಂಟಿನಲ್ಲಿ ನಮಗೆ ಹೊಲಿಗೆ ಕಲಿಸಿದ ಸಿಸ್ಟರ್ ಒಂದೊಂದು ಹೊಲಿಗೆಯನ್ನೂ ಎಣಿಸಿ ನೋಡುತ್ತಿದ್ದರು. ಕೈತಪ್ಪಾದರೆ ಒಂದು ಕಡೆ ಹೆಚ್ಚು, ಒಂದು ಕಡೆ ಕಡಿಮೆ ಆಗುತ್ತದೆ. ಎರಡು ಕಡೆಯೂ ಒಂದೇ ಸಮ ತಪ್ಪಿದರೆ ತಪ್ಪು ಕೈಯದಲ್ಲ, ಅಳತೆಗೋಲಿನದು.

"ಚಿಕ್ಕಪ್ಪ, ನಿಮ್ಮ ಸ್ಕೇಲ್ ತಂದಿದ್ದೀರಾ?"

ಅದು ಯಾವಾಗಲೂ ಅವರ ಜುಬ್ಬಾದ ಜೇಬಿನಲ್ಲೇ ಇರುತ್ತಿತ್ತು. ನನ್ನ ಟೇಪಿನ ಪಕ್ಕ ಇಟ್ಟೆ. ಮೊದಲ ಇಂಚಿನಲ್ಲಿ ಎರಡರ ಗೆರೆಯೂ ಕೂಡಿತ್ತು. ಮುಂದೆ ಹೋದಂತೆ ಗೆರೆ ಜರುಗುತ್ತ ಬಂದು, ಹನ್ನೆರಡನೇ ಇಂಚಿಗೆ ಅವರದು ಕಣ್ಣಿಗೆ ಕಾಣುವಷ್ಟು ಮುಂದೆ ಹೋಗಿತ್ತು.

"ನಲವತ್ತು ವರ್ಷ ಹಿಡಿದ ಸ್ಕೇಲು. ಅದು ಸುಳ್ಳು ಹೇಳಲ್ಲ" ಎಂದರು. ಮುಖ ಬಿಗಿದಿತ್ತು.

"ಸುಳ್ಳು ಅನ್ನಲಿಲ್ಲ ಚಿಕ್ಕಪ್ಪ. ಈ ಕಾಲನ್ನ ಎರಕ ಹುಯ್ಯಿಸ್ತೀರಾ?"

"ಎರಕ ಯಾಕೆ? ಇದು ಮರದ್ದೇ..." ಅಲ್ಲಿಗೇ ನಿಂತರು. ಸ್ಕೇಲನ್ನು ನನ್ನ ಕೈಯಿಂದ ತೆಗೆದುಕೊಂಡು ತಿರುಗಿಸಿ ನೋಡಿದರು. ಕರಗಿದ ಕಬ್ಬಿಣ ಆರುವಾಗ ಕುಗ್ಗುತ್ತದೆ. ಅದಕ್ಕಾಗಿ ಮರದ ಮಾದರಿಯನ್ನು ಕೊಂಚ ದೊಡ್ಡದೇ ಮಾಡಬೇಕು. ಪ್ರತಿಸಲ ಲೆಕ್ಕ ಹಾಕುವುದು ಬೇಡವೆಂದು ಅವರ ಸ್ಕೇಲಿನ ಇಂಚನ್ನೇ ಉದ್ದ ಮಾಡಿರುತ್ತಾರೆ.

ಮಾವ ಹೊಟ್ಟೆ ಹಿಡಿದು ನಕ್ಕರು. "ಹಾಗಾದ್ರೆ ಬೀಗ್ರೇ, ತೇಗದ ಮರ ಆರೋವರೆಗೂ ಕಾಯಣವಾ?"

ಚಿಕ್ಕಪ್ಪನಿಗೂ ನಗು ಬಂತು. ಆದರೆ ಎದ್ದು ಚಪ್ಪಲಿ ಹುಡುಕತೊಡಗಿದರು. "ವಿಜಯದಶಮಿ ಕಳೀಲಿ, ಹೊಸದು ಮಾಡಿ ತರ್ತೀನಿ. ಹತ್ಯಾರ ಎಲ್ಲ ತೊಳೆದು ಪೂಜೆಗೆ ಜೋಡಿಸಿಟ್ಟು ಬಂದಿದ್ದೀನಿ, ಇನ್ನು ಮುಟ್ಟೋ ಹಾಗಿಲ್ಲ."

ಹಿರಿಯರಿಗೆ ಎದುರಾಡಿ ನನಗೆ ಅಭ್ಯಾಸವಿಲ್ಲ. ಆದರೆ ಅಂದು ಬೆಳಿಗ್ಗೆ ಮಾವ ಕಾಫಿ ಲೋಟಕ್ಕೆಂದು ಚಾಚಿದ ಕೈ ಲೋಟದ ಆಚೆ ಮೇಜಿನ ಮೇಲೆ ಬಿದ್ದಿತ್ತು. ಹಿಂದಿನ ವಾರ ಹಾಗಾಗಿರಲಿಲ್ಲ.

"ಇವತ್ತೇ ಆಗ್ಬೇಕು ಚಿಕ್ಕಪ್ಪ" ಎಂದೆ. "ನಿಮ್ಮ ಹತ್ಯಾರ ಪೂಜೆಗಿರಲಿ. ಮಾವನ ಟ್ರಂಕಿನಲ್ಲಿ ಅರ ಇದೆ, ನಾನಿನ್ನೂ ಪೂಜೆಗೆ ಇಟ್ಟಿಲ್ಲ. ಊಟ ಇಲ್ಲೇ."

ಅವರು ನನ್ನನ್ನು ಒಂದು ಗಳಿಗೆ ನೋಡಿ ಚಪ್ಪಲಿ ಬಿಟ್ಟರು. ಜಗಲಿಯಲ್ಲಿ ಮೂವರೂ ಕೂತೆವು. ಚಿಕ್ಕಪ್ಪ ನನ್ನ ಟೇಪು ಹಿಡಿದು ಅಳೆಯುವುದು, ಅರದಿಂದ ತಿಕ್ಕುವುದು. ನಾನು ಉಪ್ಪುಕಾಗದ ಹಾಕಿ ನಯ ಮಾಡುವುದು. ಮಾವ ಕಣ್ಣು ಮುಚ್ಚಿ ಬೆರಳಾಡಿಸಿ "ಇಲ್ಲಿನ್ನೂ ಉಬ್ಬಿದೆ" ಎನ್ನುವುದು. ಅವರು ಉಬ್ಬು ಎಂದ ಕಡೆ ನನ್ನ ಕಣ್ಣಿಗೆ ಏನೂ ಕಾಣುತ್ತಿರಲಿಲ್ಲ, ಟೇಪಿಗೆ ಮಾತ್ರ ಸಿಗುತ್ತಿತ್ತು. ಒಂದು ಕಾಲು ಊಟದ ಹೊತ್ತಿಗೆ ಒಳಗೆ ಹೋಯಿತು. ಇನ್ನೊಂದು ನಾಲ್ಕು ಗಂಟೆಗೆ.

ವಿಮಾನವನ್ನು ಕಿಟಕಿಯ ಬಳಿ, ಮಾವನ ಎಡಗಣ್ಣಿನ ಕಡೆ ಎತ್ತಿ ಹಿಡಿದೆ. ಕಾಲುಗಳಿಗೆ ಕಟ್ಟಿದ್ದ ದಾರವನ್ನು ಚಿಕ್ಕಪ್ಪ ಎಳೆದರು. ಎರಡು ಕಾಲೂ ಮುಂದಕ್ಕೆ ಬಾಗಿ ಗೂಡು ಸೇರಿದವು, ಚಕ್ರದ ಕೆಳಭಾಗ ಹೊರಗುಳಿಯಿತು. ಮಾವ ಮೂಗು ತಗಲುವಷ್ಟು ಹತ್ತಿರ ಬಂದರು. "ಇಳಿಸಿ" ಎಂದರು. ಇಳಿಸಿದೆವು. "ಏರಿಸಿ." ಏಳೆಂಟು ಸಲ ಆಯಿತು. ನನ್ನ ತೋಳು ನೋಯುತ್ತಿತ್ತು, ಕೆಳಗಿಳಿಸಲಿಲ್ಲ.

ಕೊನೆಗೆ ನೆಲದ ಮೇಲೆ ನಿಲ್ಲಿಸಿದಾಗ ಕೇಳಿದರು: "ಪಿನ್ ಎಲ್ಲಿ?"

"ಯಾವ ಪಿನ್ನು ಮಾವ?"

"ನಿಂತಿರೋ ವಿಮಾನದ ಕಾಲಿಗೆ ಪಿನ್ ಹಾಕ್ದೆ ಬಿಡ್ತಾರಾ ಅಮ್ಮಣಿ? ಯಾರೋ ತಿಳೀದೆ ಲಿವರ್ ಎಳೆದ್ರೆ ಕೂತ್ಕೊಂಡ್ಬಿಡ್ತದೆ. ಕೆಂಪು ಪಟ್ಟಿ ಕಟ್ಟಿರ್ಬೇಕು, ದೂರಕ್ಕೆ ಕಾಣ್ಬೇಕು."

ಚಿಕ್ಕಪ್ಪ ಎರಡು ಕಾಲಿಗೂ ದಬ್ಬಳದಿಂದ ಒಂದೊಂದು ತೂತು ಮಾಡಿದರು. ನಾನು ಎರಡು ಗುಂಡುಪಿನ್ನಿಗೆ ರವಿಕೆ ಬಟ್ಟೆಯ ಕೆಂಪು ಚೂರು ಕಟ್ಟಿ ಕೊಟ್ಟೆ. ಮಾವ ನೆಲದ ಮೇಲೆ ಕೂತು ತೂತು ತಡಕಿದರು. ಪಿನ್ನು ಎರಡು ಸಲ ಜಾರಿತು. ಸಹಾಯಕ್ಕೆ ಚಾಚಿದ ಕೈಯನ್ನು ನಾನು ಹಿಂದಕ್ಕೆ ತೆಗೆದುಕೊಂಡೆ. ಮೂರನೇ ಸಲ ಒಳಗೆ ಹೋಯಿತು. ಪಟ್ಟಿಯನ್ನು ಮೆಲ್ಲಗೆ ಎಳೆದು ಗಟ್ಟಿ ನೋಡಿ, ಇನ್ನೊಂದು ಕಾಲಿನ ಕಡೆ ಜರುಗಿದರು.