ಗಾಲಿ ಬಿಗಿಯಾದ ಎತ್ತು

ನನ್ನ ಮೊಮ್ಮಗಳು ಐಶು ಇವತ್ತು ನಡೆದಳು! ಯಾರ ಕೈಯನ್ನೂ ಹಿಡಿಯದೆ, ತಾನೇ ನಡೆದಳು. ಮೂರನೇ ತರಗತಿ ಓದಿದ ನಾನು ಇಷ್ಟು ಬರೆಯಲು ಕುಳಿತದ್ದೇ ಈ ಸಂತೋಷಕ್ಕೆ.

ಮಸ್ಕಿಯಲ್ಲಿ ಎತ್ತಿನ ಬಂಡಿ ಮಾಡುವುದು ನನ್ನ ಕಸುಬಾಗಿತ್ತು. ಟ್ರ್ಯಾಕ್ಟರ್ ಬಂದ ಮೇಲೆ ಬಂಡಿ ಮಾಡಿಸುವವರು ಇಲ್ಲವಾದರು. ಒಡೆದು ಸೌದೆಗೆ ಮಾರುವವರೇ ಹೆಚ್ಚಾದರು. ನನಗೂ ಸಾಕಾಗಿತ್ತು. ಕಟ್ಟಿಗೆ ಕೆತ್ತುವ ಬಾಚಿ ಎತ್ತಿದರೆ ಭುಜ ಸೆಳೆಯುತ್ತಿತ್ತು. ಸಾಮಾನೆಲ್ಲ ಗೋಣಿಚೀಲದಲ್ಲಿ ಕಟ್ಟಿಟ್ಟಿದ್ದೆ.

ಐಶುಗೆ ಮೂರು ವರ್ಷವಾಗುತ್ತ ಬಂದರೂ ಕಾಲಲ್ಲಿ ಬಲವಿರಲಿಲ್ಲ. ಮಗ, ಸೊಸೆ ಅವಳನ್ನು ಎತ್ತಿಕೊಂಡು ಲಿಂಗಸುಗೂರು, ಸಿಂಧನೂರು ಅಲೆದರು. ಏನನ್ನಾದರೂ ಹಿಡಿದು ದಿನಾ ನಿಲ್ಲಬೇಕು, ನಡೆಯಬೇಕು ಎಂದರು ಡಾಕ್ಟರು. ಅಂಗಡಿಯ ವಾಕರ್ ಕಂಡರೆ ಕೂಸು ಕಿರುಚುತ್ತಿತ್ತು. ಅದಕ್ಕೆ ಬೇಕಾಗಿದ್ದು ಮಣ್ಣೆತ್ತಿನ ಅಮಾವಾಸ್ಯೆಗೆ ಪೂಜಿಸಿದ ಮಣ್ಣಿನ ಎತ್ತು. ಹಿಡಿದು ಹಿಡಿದು ಅದರ ಕೋಡು ಮುರಿದಿದ್ದಳು.

ಅದೇ ರೂಪದ ಕಟ್ಟಿಗೆ ಎತ್ತು ಮಾಡೋಣವೆಂದು ಚೀಲ ಬಿಚ್ಚಿದೆ. ಸೌದೆ ಅಡ್ಡೆಯಿಂದ ಮುರಿದ ಬಂಡಿಯ ಜಾಲಿ ಕಟ್ಟಿಗೆ ತಂದೆ. ನೊಗದ ತುಂಡು ಮೈಯಾಯಿತು, ಗೂಟಗಳು ಕೋಡಾದವು. ಮಣ್ಣೆತ್ತಿನ ಹಾಗೆಯೇ ಗಿಡ್ಡ ಕಾಲು, ಬೆನ್ನ ಮೇಲೆ ದೊಡ್ಡ ಡುಬ್ಬ. ಕೆಳಗೆ ನಾಲ್ಕು ಗಾಲಿ. ಬೆರಳು ತಾಗಿದರೆ ಸರ್ರನೆ ಓಡುತ್ತಿತ್ತು. ಜೀವನವೆಲ್ಲ ನಾನು ಮೆರೆದದ್ದೇ ಹಗುರವಾಗಿ ಓಡುವ ಗಾಲಿ ಮಾಡಿ.

ಐಶು ಕೋಡು ಹಿಡಿದಳು. ಎತ್ತು ಓಡಿತು. ಮಗು ಮುಖ ಕೆಳಗಾಗಿ ಬಿದ್ದಿತು. ಆಮೇಲೆ ಅದರ ಹತ್ತಿರವೂ ಸುಳಿಯಲಿಲ್ಲ. ನಾನು ಮತ್ತೆ ಚೀಲ ಕಟ್ಟಿದೆ.

ಹೆಂಡತಿ ನೀಲಮ್ಮ ರೇಗಿದಳು: “ಎತ್ತಿಗೆ ಭಾರ ಆಗಬಾರ್ದಂತ ಗಾಲಿ ಮಾಡೂದೊಂದೇ ಗೊತ್ತೈತಿ ನಿಮಗ. ಇಲ್ಲಿ ಎಳಿಯಾಕ ಎತ್ತು ಎಲ್ಲೈತ್ರೀ? ಕೂಸು ಐತಿ. ಅದು ಹಿಡಕೊಂಡು ನಿಲ್ಲೂದು ಬ್ಯಾಡೇನು?”

“ಬಿಗಿ ಗಾಲಿ ಮಾಡಿದ್ರ ನನಗ ಬಡಿಗ್ಯಾ ಅಂತಾರೇನ?”

“ಬಂಡಿ ಕೊಳ್ಳಾವ್ರು ಬಾಗಿಲಾಗ ಸಾಲು ಹಚ್ಯಾರೇನು, ಅನ್ನಾಕ?”

ಮಾತು ಚುಚ್ಚಿತು. ಮರುದಿನ ಅಚ್ಚಿಗೆ ಹಳೆ ಟೈರಿನ ರಬ್ಬರ್ ತುಂಡು ಹಾಕಿ ಗಾಲಿ ಬಿಗಿದೆ. ಎತ್ತು ನೂಕಿದಷ್ಟೇ ಸರಿಯಿತು, ಬಿಟ್ಟರೆ ನಿಂತಿತು. ಐಶು ಮೊದಮೊದಲು ದೂರದಿಂದ ಅದಕ್ಕೆ ಹುಲ್ಲು ಚಾಚಿದಳು, ಆಮೇಲೆ ಕೋಡು ಹಿಡಿದಳು. ಮಳೆಗಾಲ ಪೂರ್ತಿ ಬೆನ್ನು ಬಗ್ಗಿಸಿ ಅವಳ ಹಿಂದೆ ನಡೆದು ನನ್ನ ಸೊಂಟವೇ ಹೋಯಿತು.

ಇವತ್ತು ಎತ್ತಿಗೆ ಎಣ್ಣೆ ಹಚ್ಚಿ ಬೇವಿನ ಬುಡದಲ್ಲಿ ಒಣಗಲು ಬಿಟ್ಟಿದ್ದೆ. ಐಶು ಹೊಸ್ತಿಲಲ್ಲಿ ಎದ್ದು ನಿಂತಳು. “ತಾತಾ, ಎತ್ತು ಹಸದೈತಿ!” ಎಂದವಳೇ ರೊಟ್ಟಿ ತುಂಡು ಹಿಡಿದು ಅಂಗಳ ದಾಟಿಬಿಟ್ಟಳು.

ನೂಕುವವರ ಕಾಲು ನೋಡಿ ಗಾಲಿ ಮಾಡಬೇಕೆಂಬುದನ್ನು ನಾನು ಕಸುಬು ಬಿಟ್ಟ ಮೇಲೆ ಕಲಿತೆ.

ಸಂಜೆ ಬೇವಿನ ಕೆಳಗೇ ಎಲ್ಲರೂ ಹೋಳಿಗೆ ಉಂಡೆವು. ದಣಿದು ನನಗೆ ಕುಳಿತಲ್ಲೇ ಕಣ್ಣು ಮುಚ್ಚುತ್ತಿತ್ತು. ನೀಲಮ್ಮ ನನ್ನ ತಟ್ಟೆಗೆ ತುಪ್ಪ ಸುರಿದು, ಎತ್ತಿನ ಮುಂದೆಯೂ ಒಂದು ಹೋಳಿಗೆ ಇಟ್ಟಳು.