ನೀಲಕಂಠ ಇಳಿದ ಮೇಲೆ ಊಟ

ಎಳ್ಳಮಾವಾಸ್ಯೆಯ ದಿನ ನಮ್ಮ ಹೊಲದಲ್ಲಿ ನೀಲಕಂಠ ಹಕ್ಕಿ ನೆಲಕ್ಕಿಳಿಯದೆ ಯಾರೂ ಊಟಕ್ಕೆ ಕೂರುವಂತಿರಲಿಲ್ಲ. ಇದು ಊರಿನ ಪದ್ಧತಿಯಲ್ಲ, ನಮ್ಮ ಅವ್ವನ ಕಾನೂನು. ತಂಬ್ರಹಳ್ಳಿ ಸುತ್ತಲಿನ ಎರೆಹೊಲಗಳಲ್ಲಿ ಅವತ್ತು ಎಲ್ಲರೂ ಬನ್ನಿಗಿಡದ ಬುಡದಲ್ಲಿ ಐದು ಕಲ್ಲಿಟ್ಟು ಪೂಜೆ ಮಾಡಿ, ಚರಗ ಚೆಲ್ಲಿ, ಅಂದರೆ ಅಡುಗೆಯ ಒಂದು ಪಾಲನ್ನು ಬೆಳೆಯ ಮೇಲೆಲ್ಲ ಎರಚಿ, ಹೊಟ್ಟೆ ತುಂಬ ಉಂಡು ಮನೆಗೆ ಹೋಗುತ್ತಿದ್ದರು. ನಾವು ಮಾತ್ರ ಬುತ್ತಿ ಮುಂದಿಟ್ಟುಕೊಂಡು ಕರೆಂಟಿನ ತಂತಿ ನೋಡುತ್ತ ಕೂರಬೇಕಿತ್ತು.

ಅವ್ವ ಮದುವೆಯಾಗಿ ಬಂದ ವರ್ಷ ಕಡಲೆಗೆ ಹುಳ ಬಿದ್ದಿತ್ತಂತೆ. ಅಕ್ಕಪಕ್ಕದವರ ಹೊಲ ಬರೀ ಕಡ್ಡಿಯಾದರೂ ನಮ್ಮದು ಉಳಿಯಿತು, ಉಳಿಸಿದ್ದು ಈ ಹಕ್ಕಿಗಳೇ ಎಂದು ಅವಳು ನಂಬಿದ್ದಳು.

"ದುಡದೋರಿಗೆ ಮದ್ಲ ಎಡಿ. ಆಮ್ಯಾಲ ನಿಮ್ಮ ಹೊಟ್ಟಿ," ಅನ್ನುತ್ತಿದ್ದಳು.

ನಾನೋ ಹಸಿವು ತಡೆಯದವಳು. ಎಣ್ಣೆಗಾಯಿ, ಸಜ್ಜೆ ರೊಟ್ಟಿ, ಶೇಂಗಾ ಹೋಳಿಗೆಯ ವಾಸನೆ ಮೂಗಿಗೆ ಬಡಿಯುತ್ತಿದ್ದರೆ ಆ ಹಕ್ಕಿಯ ಮೇಲೆ ನನಗೆ ಭಕ್ತಿ ಹುಟ್ಟುವುದಾದರೂ ಹೇಗೆ? ಆದರೂ ತೊಂಬತ್ತರ ದಶಕದ ಆ ಮೊದಲ ವರ್ಷಗಳಲ್ಲಿ ಕಾಯುವ ಪ್ರಮೇಯವೇ ಬರುತ್ತಿರಲಿಲ್ಲ. ಅಪ್ಪ ಬುಟ್ಟಿ ಹಿಡಿದು "ಹುಲ್ಲುಲ್ಲಿಗೋ" ಎಂದು ಕೂಗುತ್ತ ಚರಗ ಚೆಲ್ಲುತ್ತ ಮುಂದೆ ಹೋಗುತ್ತಿದ್ದ, ನಾನು ತಂಬಿಗೆಯ ನೀರು ಚಿಮುಕಿಸುತ್ತ ಹಿಂದೆ. ನೀಲಕಂಠಕ್ಕೆ ನಮ್ಮ ಕಡುಬು ಬೇಕಿರಲಿಲ್ಲ. ನಮ್ಮ ಕಾಲಿಗೆ ಬೆದರಿ ಎದ್ದ ಮಿಡತೆ, ಕಡಲೆ ಗಿಡದ ಹುಳ, ಅದಕ್ಕೆ ಅಷ್ಟೇ ಸಾಕು. ತಂತಿಯ ಮೇಲೆ ಮಣ್ಣುಬಣ್ಣಕ್ಕೆ ಮಂಕಾಗಿ ಕೂತಿದ್ದು ರೆಕ್ಕೆ ಬಿಚ್ಚಿದರೆ, ಪಂಚೆ ಅದ್ದುವ ಬಕೆಟ್ಟಿಗೆ ಅವ್ವ ಹಾಕಿದ ನೀಲಿ ಹರಡಿದ ಹಾಗೆ ಕಾಣುತ್ತಿತ್ತು. ನಮ್ಮ ಹೊಲದಲ್ಲಿ ಒಂದು ಜೋಡಿ ಕಾಯಂ ಇತ್ತು. ನಾವು ಆಚೆ ಬದು ಮುಟ್ಟುವುದರೊಳಗೆ ಎರಡೂ ಇಳಿದಿರುತ್ತಿದ್ದವು.

"ಬಂದ್ವು ನೋಡ್ರಿ ಬೀಗರು! ಎಲಿ ಹಾಕ್ರಿ," ಎಂದು ಅಪ್ಪ ಅಲ್ಲಿಂದಲೇ ಕೂಗುತ್ತಿದ್ದ.

ನಾನು ಪಿಯುಸಿಗೆ ಸೇರಿದ ವರ್ಷ ಅಮಾವಾಸ್ಯೆಗೆ ಎರಡು ದಿನ ಮೊದಲು ಅಪ್ಪ ಕಡಲೆಗೆ ಎಣ್ಣೆ ಹೊಡೆದ. ನಮ್ಮ ಕಡೆ ಕ್ರಿಮಿನಾಶಕಕ್ಕೆ ಹಾಗೇ ಅನ್ನುತ್ತಾರೆ. ಹಬ್ಬಕ್ಕೆ ಮನೆಗೆ ಸುಣ್ಣ ಬಳಿಯುವುದಿಲ್ಲವೆ, ಹಾಗೆ ಪೂಜೆಗೆ ಹೊಲವೂ ಚೊಕ್ಕಟವಾಗಿರಬೇಕು ಎಂಬುದು ಅವನ ಲೆಕ್ಕಾಚಾರ.

"ಭೂಮ್ತಾಯಿಗೆ ಸೀರಿ ಉಡಿಸಿ, ಮೈಮ್ಯಾಲ ಹುಳ ಬಿಡಾಕ ಆಕ್ಕೈತೇನು?" ಅಂದ. ಅವ್ವನಿಗೂ ಅದು ಸರಿ ಅನ್ನಿಸಿತು. ನನಗೂ ಅನ್ನಿಸಿತು. ಎಣ್ಣೆ ಹೊಡೆಯುವ ಪಂಪಿಗೆ ನೀರು ಹೊತ್ತು ಹಾಕಿದವಳೇ ನಾನು.

ಆ ವರ್ಷ ಹಕ್ಕಿಗಳು ಕೂಗು ಮುಗಿಯುವ ಮೊದಲೇ ಬಂದವು. ಸಾಲಿನ ತುಂಬ ಹುಳ ಸೋತು ಬಿದ್ದಿದ್ದವು, ಹುಡುಕುವ ಕಷ್ಟವೇ ಇರಲಿಲ್ಲ. ಅವು ಇಳಿದು ಹತ್ತಿ, ಹತ್ತಿ ಇಳಿದು ತಿನ್ನುವುದನ್ನು ಅವ್ವ ಸೊಂಟದ ಮೇಲೆ ಕೈಯಿಟ್ಟು ಕಣ್ತುಂಬ ನೋಡಿದಳು. ನಾನು ಬೇಗ ಊಟ ಸಿಕ್ಕಿತೆಂದು ಕುಣಿದೆ.

ಮರುದಿನ ಬೆಳಿಗ್ಗೆ ಮರೆತು ಬಂದಿದ್ದ ತಂಬಿಗೆ ತರಲು ಒಬ್ಬಳೇ ಹೊಲಕ್ಕೆ ಹೋದೆ. ಬನ್ನಿಗಿಡದ ಹಿಂದೆ ಒಂದು ನೀಲಕಂಠ ರೆಕ್ಕೆ ಅರ್ಧ ಬಿಚ್ಚಿಕೊಂಡು ಬಿದ್ದಿತ್ತು. ಮೈ ಸೆಟೆದಿತ್ತು, ಕೊಕ್ಕಿನಲ್ಲಿ ಇನ್ನೂ ಒಂದು ಹುಳ. ಎತ್ತಿಕೊಂಡೆ. ಅಷ್ಟು ವರ್ಷ ಬೈದುಕೊಂಡ ಹಕ್ಕಿ ಕೈಯಲ್ಲಿ ತೂಕವೇ ಇಲ್ಲದಂತಿತ್ತು. ಅವ್ವನಿಗೆ ತಿಳಿದರೆ ಅವಳು ಅನ್ನ ಬಿಟ್ಟಾಳು ಅನ್ನಿಸಿ, ತಂಬಿಗೆಯ ಅಂಚಿನಿಂದಲೇ ಅಲ್ಲೇ ಕುಣಿ ತೋಡಿ ಮಣ್ಣು ಮಾಡಿದೆ. ಕೈ ತೊಳೆದುಕೊಂಡು ಮನೆಗೆ ಹೋಗಿ ಏನೂ ಆಗದವಳ ಹಾಗೆ ರೊಟ್ಟಿ ತಿಂದೆ. ಆ ರೊಟ್ಟಿ ನೆನೆದರೆ ನನಗೆ ಇಂದಿಗೂ ನಾಚಿಕೆ.

ಮುಂದಿನ ಅಮಾವಾಸ್ಯೆಗೆ ಪಕ್ಕದ ಹೊಲದ್ದೊಂದು ಬಂತು, ಮಧ್ಯಾಹ್ನ ಹೊರಳಿದ ಮೇಲೆ. ಅದರಾಚೆ ವರ್ಷ ಇನ್ನೂ ತಡ. ನಾನು ಮದುವೆಯಾಗಿ ಹರಪನಹಳ್ಳಿಗೆ ಹೋದೆ. ಅಲ್ಲಿಂದ ಹಬ್ಬಕ್ಕೆ ಬರುವಾಗ ಕೊಟ್ಟೂರು ದಾಟಿದ ಮೇಲೆ ಬಸ್ಸಿನ ಕಿಟಕಿಯಿಂದ ತಂತಿ ನೋಡುವುದೇ ಕೆಲಸ. ಮೊದಮೊದಲು ನಾಲ್ಕಾರು ಕಂಬಕ್ಕೊಂದಾದರೂ ಕಾಣುತ್ತಿತ್ತು. ಬರಬರುತ್ತ ಒಂದೂರಿಂದ ಇನ್ನೊಂದೂರಿಗೆ ಒಂದು. ಆಮೇಲೆ ಹಗರಿಬೊಮ್ಮನಹಳ್ಳಿ ಬಂದು ಬಸ್ಸು ನಿಂತರೂ ಒಂದೂ ಇಲ್ಲ. ಆ ಹೊತ್ತಿಗೆ ಎಲ್ಲರ ಬೆನ್ನಿಗೂ ಪಂಪು ಬಂದಿತ್ತು, ಅವು ಗೂಡು ಮಾಡುವ ಪೊಟರೆಯ ಮುದಿ ಮರಗಳು ಬದುವಿನಿಂದ ಹೋಗಿದ್ದವು. ಆದರೆ ಆ ಖಾಲಿ ತಂತಿಗೆಲ್ಲ ನಾನೊಬ್ಬಳೇ ಕಾರಣ ಅನ್ನಿಸುತ್ತಿತ್ತು. ನನಗೆ ಬೇಕಿದ್ದದ್ದು ಒಂದೇ ಒಂದು ನೀಲಿ ರೆಕ್ಕೆ, ಅವ್ವನ ಕಣ್ಣಿಗೆ ಬೀಳುವ ಹಾಗೆ.

ಅವ್ವನ ಕಾನೂನು ಮಾತ್ರ ಸಡಿಲಾಗಲಿಲ್ಲ. ಅಪ್ಪ ಎರಡು ರೊಟ್ಟಿ ಮಡಚಿಕೊಂಡು "ನೀರು ನೋಡ್ಕೊಂಡು ಬರ್ತೀನಿ" ಎಂದು ಬದುವಿನಾಚೆ ಹೋಗಿ ತಿಂದು ಬರುತ್ತಿದ್ದ. ಅವ್ವ ನೋಡಿಯೂ ನೋಡದವಳಂತೆ ಇರುತ್ತಿದ್ದಳು.

ಎರಡು ಸಾವಿರದ ಇಸವಿ ಕಳೆದು ಕೆಲವು ವರ್ಷಗಳಾಗಿದ್ದವು. ಆ ಅಮಾವಾಸ್ಯೆಗೆ ಬಿಸಿಲು ಇಳಿದು ನೆರಳು ಉದ್ದವಾದರೂ ತಂತಿ ಖಾಲಿ. ಅಪ್ಪ ಎಂದಿನಂತೆ ನೀರು ನೋಡಲು ಹೋಗಿದ್ದ. ಅವ್ವನಿಗೆ ಸಕ್ಕರೆ ಕಾಯಿಲೆ ಬಂದು ಎರಡು ವರ್ಷವಾಗಿತ್ತು, ಹೊತ್ತಿಗೆ ಸರಿಯಾಗಿ ಉಣ್ಣಬೇಕಿತ್ತು. ನನಗೆ ತಡೆಯಲಾಗಲಿಲ್ಲ.

"ಅವ್ವಾ, ಕಾಯಬ್ಯಾಡ, ಉಣ್ಣು. ಅದು ಬರಂಗಿಲ್ಲ. ಅಪ್ಪ ಎಣ್ಣಿ ಹೊಡದ ವರ್ಷ ಸತ್ತು ಬಿದ್ದಿತ್ತು. ನಾನ ಮಣ್ಣು ಮಾಡೀನಿ."

ಅವಳು ಹಸಿ ಕಡಲೆ ಬಿಡಿಸುತ್ತಿದ್ದಳು. ಬಿಡಿಸುತ್ತಲೇ ಕೇಳಿದಳು, "ಎಲ್ಲಿ?"

"ಇಲ್ಲೇ, ಬನ್ನಿಗಿಡದ ಹಿಂದ."

"ನನಗ ಹಳ್ಳದ ದಂಡಿಗೆ ಸಿಕ್ಕಿತ್ತು. ಅಲ್ಲೇ ಮುಚ್ಚೀನಿ," ಅಂದಳು. "ಜೋಡಿ ಇತ್ತಲ್ಲವ್ವ. ಇನ್ನೊಂದು ಎಲ್ಲಿ ಹೋತು ಅಂತಿದ್ದೆ. ನಿಮ್ಮಪ್ಪಗ ಹೇಳಬ್ಯಾಡ, ಸಂಕಟ ಪಡ್ತಾನ."

ಇಷ್ಟು ವರ್ಷ ಪಕ್ಕಪಕ್ಕ ಕೂತು, ಒಬ್ಬರಿಗೊಬ್ಬರು ಮುಚ್ಚಿಟ್ಟು, ಒಂದೇ ತಂತಿ ನೋಡಿದ್ದೆವು.

"ಗೊತ್ತಿದ್ದೂ ಯಾಕ ಕಾಯ್ತಿ ಮತ್ತ?"

"ಕೂಗಿ ಕರದವ್ರು ನಾವ. ಕರದು ವಿಷ ಉಣಿಸೀವಿ. ಒಂದು ದಿನ ಹಸದು ಕುಂದ್ರಾಕ ಏನು ಧಾಡಿ?" ಅಂದಳು. "ಅದರ ಮಕ್ಕಳು ಮರಿ ಎಲ್ಲಾರ ಇದ್ದು, ಇವತ್ತ ಬಂದ್ರ, ನಾವು ಉಂಡು ಕೈ ತೊಳದಿರಬಾರದು."

ಅವಳ ಕಣ್ಣು ತಪ್ಪಿಸಿ ನಾನೂ ಸೆರಗಿನಲ್ಲಿ ಒಂದು ಕಡುಬು ಕಟ್ಟಿಕೊಂಡಿದ್ದೆ. ಬಿಚ್ಚಿ ಬುಟ್ಟಿಗೆ ಹಾಕಿದೆ. ಅವಳ ಪಕ್ಕಕ್ಕೆ ಸರಿದು ಕೂತು, ತಂತಿಯ ಕಡೆ ಮುಖ ಮಾಡಿದೆ.