ಪೌಡರ್ ಒರೆಸಿದ ಮುಖ

ಹೋದ ವಾರ ಸಂಭಾಜಿನಗರದ ಚಿಕಲಠಾಣಾ ಬಡಾವಣೆಯ ಕಚೇರಿಯೊಂದರ ಲಿಫ್ಟಿನಲ್ಲಿ ಗುಲಾಬಿ ಪೌಡರಿನ ವಾಸನೆಯಿತ್ತು. ಹಚ್ಚಿಕೊಂಡವರು ಆಗಲೇ ಇಳಿದು ಹೋಗಿದ್ದರು. ಟೇಲರ್ ಅಕ್ಕ ಹಚ್ಚುತ್ತಿದ್ದದ್ದೂ ಅದೇ...

ಕೆಲವು ವರ್ಷಗಳ ಹಿಂದೆ ನಾವು ವೇಶ್ಯಾವಾಟಿಕೆಗೆ ಮಾರಾಟವಾಗುವ ಮಕ್ಕಳ ಬಗ್ಗೆ ಸಾಕ್ಷ್ಯಚಿತ್ರ ಮಾಡುತ್ತಿದ್ದೆವು. ಇದೇ ಊರಿನ ಗಲ್ಲಿಯೊಂದರಲ್ಲಿ ರವಿಕೆ ಹೊಲಿಯುತ್ತಿದ್ದ ಅಕ್ಕ ಬೀದರ್ ಕಡೆಯವರು. ಅವರಿಗೆ ಹದಿಮೂರಾಗಿದ್ದಾಗ ಪರಿಚಯದ ಹೆಂಗಸೊಬ್ಬಳು ಮದುವೆಮನೆಯ ಅಡುಗೆ ಕೆಲಸವೆಂದು ಹೇಳಿ ಅವರನ್ನೂ ಅವರ ತಂಗಿಯನ್ನೂ ನಾಶಿಕ್‌ಗೆ ಕರೆತಂದಳು. ಅಕ್ಕನನ್ನು ಅಲ್ಲೇ ಮಾರಿದಳು. ತಂಗಿಯನ್ನು ಮುಂದೆ ಎಲ್ಲಿಗೋ ಒಯ್ದಳು. ಅಕ್ಕ ಹೊರಬರಲು ವರ್ಷಗಳೇ ಹಿಡಿದವು. ತಂಗಿಯ ಸುದ್ದಿ ಸಿಗಲಿಲ್ಲ.

ಇಂಥ ಸಂದರ್ಶನದಲ್ಲಿ ಮುಖ ತೋರಿಸದಿರುವುದು ನಮ್ಮ ರೂಢಿ. ಕ್ಯಾಮೆರಾದವನು ಎಂದಿನಂತೆ ಕುರ್ಚಿಯನ್ನು ಕ್ಯಾಮೆರಾಕ್ಕೆ ಬೆನ್ನು ಮಾಡಿ ಇಟ್ಟ. ಅಕ್ಕ ಎದ್ದು ಅದನ್ನು ಕ್ಯಾಮೆರಾ ಕಡೆ ತಿರುಗಿಸಿದರು.

“ಈ ಕ್ಯಾಮೆರಾ ದಾದಾಗ ಹೇಳ್ರಿ, ನಾ ಬೆನ್ನ ತೋರ್ಸಲಾಕ ಬಂದಿಲ್ಲ. ನನ್ನ ತಂಗಿ ನೋಡಬೇಕು.”

ಮುಖ ಕಂಡರೆ ಏನೇನಾಗಬಹುದೆಂದು ವಿವರಿಸಿದೆ. ಮನೆ ಮಾಲೀಕ ಬಿಡಿಸಬಹುದು, ಹೊಲಿಗೆಯ ಗಿರಾಕಿಗಳು ಬಾರದಿರಬಹುದು...

“ಬ್ಲೌಸ್ ಚೊಲೋ ಹೊಲದ್ರ ಬರ್ತಾರ ಬಿಡ್ರಿ,” ಎಂದು ನಕ್ಕರು. ಸೆರಗಿನಿಂದ ಪೌಡರ್ ಒರೆಸಿಕೊಂಡರು. ಹುಬ್ಬಿನ ಮೇಲೆ ಹಳೆಯ ಗಾಯದ ಗೆರೆಯೊಂದು ಕಂಡಿತು. “ಸಣ್ಣಾಕಿದ್ದಾಗ ತಂಗೀನೇ ಲಟ್ಟಣಿಗಿ ಒಗದಿದ್ಳು. ಇದು ಕಾಣ್ಲಿ. ಪೌಡರ್ ಹಚ್ಚಿದ ಮುಖಾ ಆಕಿ ಎಂದೂ ನೋಡಿಲ್ಲ.”

ಚಿತ್ರದ ಕೊನೆಗೆ ನನ್ನ ಫೋನ್ ನಂಬರ್ ಹಾಕಿದೆವು. ಅದಕ್ಕೂ ಅವರದೊಂದು ಷರತ್ತಿತ್ತು. “ಫೋನ್ ಬಂದ್ರ ಮೊದ್ಲ ಕನ್ನಡದಾಗ ಮಾತಾಡ್ರಿ. ಆವಾಗ ಆಕಿಗಿ ಬ್ಯಾರೆ ಭಾಷಾ ಬರ್ತಿದ್ದಿಲ್ಲ.”

ಚಿತ್ರ ಪ್ರಸಾರವಾಯಿತು. ಮಾಲೀಕ ಕೋಣೆ ಬಿಡಿಸಿದ. ಅಕ್ಕ ಹೊಲಿಗೆ ಮಷಿನ್ ಸಮೇತ ಬೇರೆ ಗಲ್ಲಿಗೆ ಹೋದರು. ಅಲ್ಲಿಂದಲೂ ಸಂಜೆ ಹೊತ್ತು ಫೋನ್ ಮಾಡುತ್ತಿದ್ದರು.

“ಏನರ ಬಂತೇನ್ರಿ?”

ಇಲ್ಲ ಎಂದರೆ, “ಇರ್ಲಿ. ಆಕಿ ಮೊದ್ಲಿಂದ್ಲೂ ನಿಧಾನ,” ಎನ್ನುತ್ತಿದ್ದರು.

ಕಳೆದ ಮಳೆಗಾಲದಲ್ಲಿ ಅವರ ನಂಬರಿನಿಂದ ಪಕ್ಕದ ಮನೆಯ ಹೆಂಗಸು ಮರಾಠಿಯಲ್ಲಿ ಮಾತಾಡಿದಳು. ಜ್ವರ ಬಂದಿತ್ತಂತೆ, ಆಸ್ಪತ್ರೆಗೆ ಒಯ್ದರಂತೆ... ನಾನು ಹೋಗುವಷ್ಟರಲ್ಲಿ ಎಲ್ಲ ಮುಗಿದಿತ್ತು. ಮಷಿನಿನ ಮೇಲೆ ಯಾರದೋ ಅರ್ಧ ಹೊಲಿದ ರವಿಕೆಯಿತ್ತು.

ಈಗ ನಾನು ಆ ಕೆಲಸದಲ್ಲಿಲ್ಲ. ನಂಬರ್ ಮಾತ್ರ ಬದಲಿಸಿಲ್ಲ. ಗೊತ್ತಿಲ್ಲದ ಕರೆ ಬಂದರೆ, “ಹೇಳ್ರಿ, ಯಾರು?” ಎಂದು ಕನ್ನಡದಲ್ಲೇ ಕೇಳುತ್ತೇನೆ. ತಂಗಿಯೇ ಆಗಿದ್ದರೆ, ಅಕ್ಕ ಹೋಗಿಬಿಟ್ಟರು ಎಂಬುದನ್ನು ಹೇಗೆ ಹೇಳಲಿ ಎಂದು ಮಾತು ಹುಡುಕುತ್ತಿರುತ್ತೇನೆ... ಅಷ್ಟರಲ್ಲಿ ಯಾರೋ ಹಿಂದಿಯಲ್ಲಿ, ಸಾಲ ಬೇಕೇ ಎಂದು ಕೇಳುತ್ತಾರೆ.